ಫೈರ್‌ವಾಲ್‌ನ ಫೈಲ್ ಯಾರೋ ಓದಿದ್ದರೆ: ಪ್ಯಾನ್-ಓಎಸ್ ದೋಷ ಮುಚ್ಚುವ ಕ್ರಮ

ಸಂಸ್ಥೆಯ ಜಾಲಕ್ಕೂ ಇಂಟರ್ನೆಟ್‌ಗೂ ನಡುವೆ ಕಾವಲಿರುವ ಸಾಧನ ಫೈರ್‌ವಾಲ್. ಪಾಲೊ ಆಲ್ಟೊ ನೆಟ್‌ವರ್ಕ್ಸ್ ಕಂಪನಿಯ ಫೈರ್‌ವಾಲ್‌ಗಳನ್ನು ನಡೆಸುವ ತಂತ್ರಾಂಶ ಪ್ಯಾನ್-ಓಎಸ್. 2025ರ ಫೆಬ್ರವರಿ 12ರಂದು ಅದರ ನಿರ್ವಹಣೆಯ ವೆಬ್ ಪುಟದಲ್ಲಿ ಒಂದು ದೋಷವಿದೆ ಎಂದು ಕಂಪನಿ ಪ್ರಕಟಿಸಿತು. ದೋಷಗಳಿಗೆ ಕೊಡುವ ಸಿವಿಇ ಗುರುತು-ಸಂಖ್ಯೆಯಂತೆ ಇದರ ಹೆಸರು ಸಿವಿಇ-2025-0111, ತೀವ್ರತೆಯ ಅಂಕ 10ಕ್ಕೆ 7.1. ನಿರ್ವಹಣಾ ಪುಟಕ್ಕೆ ಲಾಗಿನ್ ಆದವರು ಫೈರ್‌ವಾಲ್ ಒಳಗಿನ ಫೈಲ್‌ಗಳನ್ನು ಓದಬಹುದು. ಆದರೆ 'ನೋಬಡಿ' ಎಂಬ ಕಡಿಮೆ ಅಧಿಕಾರದ ಯೂಸರ್‌ಗೆ ಕಾಣುವ ಫೈಲ್‌ಗಳನ್ನು ಮಾತ್ರ. ಬರೆಯಲು ಬಾರದು, ಅಳಿಸಲು ಬಾರದು. ಮೇಲಾಗಿ ಲಾಗಿನ್ ಬೇಕು. ಇಷ್ಟು ಓದಿದವರು "ಮುಂದಿನ ಮೆಂಟೆನೆನ್ಸ್ ದಿನ ನೋಡೋಣ" ಅಂದರೆ ಆಶ್ಚರ್ಯವಿಲ್ಲ.

ವಾರದೊಳಗೆ ಚಿತ್ರ ಬದಲಾಯಿತು. ಈ ದೋಷವನ್ನು ಇನ್ನೆರಡು ದೋಷಗಳ ಜೊತೆ ಸರಪಳಿಯಂತೆ ಕಟ್ಟಿ ದಾಳಿಗೆ ಯತ್ನಿಸುತ್ತಿದ್ದಾರೆ ಎಂದು ಅದೇ ಕಂಪನಿ ತನ್ನ ಪ್ರಕಟಣೆಯನ್ನು ತಿದ್ದಿತು. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸೀಸಾ, ದಾಳಿಕೋರರು ಈಗಾಗಲೇ ಬಳಸುತ್ತಿರುವ ದೋಷಗಳ ತನ್ನ ಪಟ್ಟಿಗೆ ಫೆಬ್ರವರಿ 20ರಂದು ಇದನ್ನು ಸೇರಿಸಿತು.

ಸರಪಳಿಯ ಮೊದಲ ಕೊಂಡಿ ಸಿವಿಇ-2025-0108. ಅಸೆಟ್‌ನೋಟ್ ಎಂಬ ಭದ್ರತಾ ಸಂಶೋಧಕರ ತಂಡ ಪತ್ತೆ ಮಾಡಿದ ಈ ದೋಷದಿಂದ ಪಾಸ್‌ವರ್ಡ್ ಇಲ್ಲದೆಯೇ ನಿರ್ವಹಣಾ ಪುಟದ ಕೆಲವು ಪಿಎಚ್‌ಪಿ ಸ್ಕ್ರಿಪ್ಟ್‌ಗಳನ್ನು ಕರೆಯಬಹುದು. ಹೇಗೆಂದರೆ, ಮುಂಬಾಗಿಲಲ್ಲಿ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಕೂತಿದೆ, ಅದರ ಹಿಂದೆ ಅಪಾಚೆ ಎಂಬ ಇನ್ನೊಂದು. ಬಂದ ವಿಳಾಸಕ್ಕೆ ಲಾಗಿನ್ ಬೇಕೋ ಬೇಡವೋ ಎಂದು ನೋಡಿ ಚೀಟಿ ಅಂಟಿಸುವುದು ಎನ್‌ಜಿನ್‌ಎಕ್ಸ್ ಕೆಲಸ. 'ಅನ್‌ಆತ್' ಎಂದು ಶುರುವಾಗುವ ವಿಳಾಸಕ್ಕೆ ಲಾಗಿನ್ ಬೇಡ ಎಂಬ ಚೀಟಿ ಬೀಳುತ್ತದೆ. ಅದೇ ವಿಳಾಸವನ್ನು ಅಪಾಚೆ ಮತ್ತೊಮ್ಮೆ ಬಿಡಿಸಿ ಓದಿದಾಗ, ಎರಡು ಸಲ ಎನ್‌ಕೋಡ್ ಆಗಿದ್ದ ಚುಕ್ಕಿಗಳು ತೆರೆದುಕೊಂಡು ಬೇರೆಯೇ ಫೋಲ್ಡರ್‌ಗೆ ದಾರಿಯಾಗುತ್ತವೆ. ಕಾವಲುಗಾರ ಓದಿದ್ದು ಒಂದು ಹೆಸರು, ಒಳಗೆ ಹೋದವನು ಇನ್ನೊಬ್ಬ. 0111ಕ್ಕೆ ಬೇಕಿದ್ದ "ಲಾಗಿನ್ ಆಗಿರಬೇಕು" ಎಂಬ ಷರತ್ತು ಇಲ್ಲಿಗೆ ಬೆಲೆ ಕಳೆದುಕೊಂಡಿತು. ಮೂರನೆಯ ಕೊಂಡಿ ಸಿವಿಇ-2024-9474, ಅಡ್ಮಿನ್ ಮಟ್ಟದಿಂದ ರೂಟ್ ಮಟ್ಟಕ್ಕೆ, ಎಂದರೆ ಸಾಧನದ ಪೂರ್ಣ ಹಿಡಿತಕ್ಕೆ, ಏರಿಸುವ ದೋಷ. 2024ರ ನವೆಂಬರ್‌ನಲ್ಲೇ ಅದಕ್ಕೆ ಪ್ಯಾಚ್ (ದೋಷ ಮುಚ್ಚುವ ತಿದ್ದುಪಡಿ) ಬಂದಿತ್ತು. ರೂಟ್ ಸಿಕ್ಕವನಿಗೆ 'ನೋಬಡಿ'ಯ ಮಿತಿ ಏನು ಲೆಕ್ಕ?

ಕೆಲಸದ ಕ್ರಮಕ್ಕೆ ಬರುವ ಮುಂಚೆ ಇನ್ನೊಂದು ಕಂಪನಿಯ ಇತಿಹಾಸ ನೆನಪಿಡಬೇಕು. ಫೋರ್ಟಿನೆಟ್‌ನ ಎಸ್‌ಎಸ್‌ಎಲ್ ವಿಪಿಎನ್‌ನಲ್ಲಿ (ಹೊರಗಿನಿಂದ ಆಫೀಸಿನ ಜಾಲಕ್ಕೆ ಸೇರುವ ಸುರಕ್ಷಿತ ಸಂಪರ್ಕದಲ್ಲಿ) ಸಿವಿಇ-2018-13379 ಎಂಬ ಫೈಲ್ ಓದಿಸುವ ದೋಷವಿತ್ತು. ಪ್ಯಾಚ್ ಬಂದದ್ದು 2019ರಲ್ಲಿ. 2021ರ ಸೆಪ್ಟೆಂಬರ್‌ನಲ್ಲಿ ಸುಮಾರು 87,000 ಸಾಧನಗಳ ವಿಪಿಎನ್ ಲಾಗಿನ್ ವಿವರಗಳು ಬಯಲಾದವು. ಪ್ಯಾಚ್ ಹಾಕಿಕೊಂಡಿದ್ದರೂ ಪಾಸ್‌ವರ್ಡ್ ಬದಲಿಸದಿದ್ದರೆ ಅಪಾಯ ಹಾಗೆಯೇ ಇದೆ ಎಂದು ಕಂಪನಿ ಆಗ ಎಚ್ಚರಿಸಿತು. 2024ರಲ್ಲಿ ಚೆಕ್ ಪಾಯಿಂಟ್ ಎಂಬ ಮತ್ತೊಂದು ಫೈರ್‌ವಾಲ್ ಕಂಪನಿಯ ಪ್ರಕರಣದಲ್ಲಿ, ಸಿವಿಇ-2024-24919ರಲ್ಲಿ, ಗೇಟ್‌ವೇಯ ಫೈಲ್ ಓದಿದ ದಾಳಿಕೋರರು ಅಲ್ಲಿಂದ ಆಕ್ಟಿವ್ ಡೈರೆಕ್ಟರಿಯ, ಎಂದರೆ ಸಂಸ್ಥೆಯ ಎಲ್ಲ ಯೂಸರ್‌ಗಳ ಖಾತೆಗಳಿರುವ ಮೈಕ್ರೋಸಾಫ್ಟ್ ವ್ಯವಸ್ಥೆಯ, ಪಾಸ್‌ವರ್ಡ್ ಭಂಡಾರದವರೆಗೆ ಹೋಗಿದ್ದನ್ನು ನಾರ್ವೆಯ ನೆಮೋನಿಕ್ ಸಂಸ್ಥೆ ದಾಖಲಿಸಿದೆ. ಆದ್ದರಿಂದ ಈ ಕೆಳಗಿನ ಕ್ರಮದಲ್ಲಿ ಪ್ಯಾಚ್ ನಡುವೆ ಬರುತ್ತದೆ, ಕೊನೆಯಲ್ಲಲ್ಲ. ಓದಿಕೊಂಡು ಹೋದದ್ದನ್ನು ಪ್ಯಾಚ್ ವಾಪಸ್ ತರುವುದಿಲ್ಲ.

ಮೊದಲು: ನಿರ್ವಹಣಾ ಪುಟ ಎಲ್ಲೆಲ್ಲಿ ತೆರೆದಿದೆ?

"ನಮ್ಮದು ಒಳಗಿನ ಐಪಿ, ಹೊರಗೆ ಕಾಣಲ್ಲ" ಎಂಬ ಮಾತನ್ನು ಪರೀಕ್ಷೆ ಮಾಡದೆ ನಂಬಬೇಡಿ. ಪ್ಯಾನ್-ಓಎಸ್‌ನಲ್ಲಿ ಈ ಪುಟ ಹೊರಗೆ ಕಾಣಲು ನಾಲ್ಕು ದಾರಿಗಳಿವೆ.

ಒಂದು, ಎಮ್‌ಜಿಟಿ ಎಂದು ಬರೆದಿರುವ ಪ್ರತ್ಯೇಕ ಪೋರ್ಟ್‌ಗೆ ನೇರ ಪಬ್ಲಿಕ್ ಐಪಿ, ಅಥವಾ ಅದಕ್ಕೆ ಯಾವತ್ತೋ ಕೊಟ್ಟ ನ್ಯಾಟ್ (ಹೊರಗಿನ ವಿಳಾಸವನ್ನು ಒಳಗಿನದಕ್ಕೆ ತಿರುಗಿಸುವ ನಿಯಮ). ಎರಡು, ಸಾಮಾನ್ಯ ಡೇಟಾ ಇಂಟರ್‌ಫೇಸ್‌ಗೆ ಅಂಟಿಸಿದ ಇಂಟರ್‌ಫೇಸ್ ಮ್ಯಾನೇಜ್‌ಮೆಂಟ್ ಪ್ರೊಫೈಲ್‌ನಲ್ಲಿ ಎಚ್‌ಟಿಟಿಪಿಎಸ್‌ಗೆ ಟಿಕ್. 'ಪಿಂಗ್ ಬರಲಿ' ಎಂದು ಹಾಕಿದ ಪ್ರೊಫೈಲ್‌ನಲ್ಲಿ ಎಚ್‌ಟಿಟಿಪಿಎಸ್ ಕೂಡ ಟಿಕ್ ಆಗಿ ಉಳಿದಿರುವುದು ತೀರಾ ಸಾಮಾನ್ಯ. ನೆಟ್‌ವರ್ಕ್ > ನೆಟ್‌ವರ್ಕ್ ಪ್ರೊಫೈಲ್ಸ್ > ಇಂಟರ್‌ಫೇಸ್ ಎಮ್‌ಜಿಎಮ್‌ಟಿ ತೆರೆದು ಪ್ರತಿ ಪ್ರೊಫೈಲ್ ನೋಡಿ. ಲೂಪ್‌ಬ್ಯಾಕ್ ಮತ್ತು ಟನಲ್ ಇಂಟರ್‌ಫೇಸ್‌ಗಳನ್ನೂ ಬಿಡಬೇಡಿ.

ಮೂರನೆಯದು ಕಣ್ತಪ್ಪುವಂಥದು. ಪಾಲೊ ಆಲ್ಟೊದ ವಿಪಿಎನ್ ಆದ ಗ್ಲೋಬಲ್‌ಪ್ರೊಟೆಕ್ಟ್‌ನ ಪೋರ್ಟಲ್ ಇರುವ ಇಂಟರ್‌ಫೇಸ್‌ನಲ್ಲೇ ನಿರ್ವಹಣೆಗೂ ಅನುಮತಿ ಇದ್ದರೆ, 443ರಲ್ಲಿ ಪೋರ್ಟಲ್ ಕಾಣುತ್ತದೆ, ನಿರ್ವಹಣಾ ಪುಟ 4443ನೆಯ ಪೋರ್ಟ್‌ಗೆ ಸರಿಯುತ್ತದೆ. 443 ಮಾತ್ರ ನೋಡಿ "ವಿಪಿಎನ್ ಪುಟ ತಾನೆ" ಎಂದು ಸುಮ್ಮನಾದವರಿಗೆ 4443 ಕಾಣುವುದೇ ಇಲ್ಲ. ನಾಲ್ಕು, ಕ್ಲೌಡ್. ಅಮೆಜಾನ್‌ನ ಕ್ಲೌಡ್ ಎಡಬ್ಲ್ಯೂಎಸ್‌ನಲ್ಲಿ ವಿಎಮ್-ಸೀರೀಸ್ (ತಂತ್ರಾಂಶ ರೂಪದ ಫೈರ್‌ವಾಲ್) ಎಬ್ಬಿಸುವಾಗ ಮೊದಲ ಇಂಟರ್‌ಫೇಸೇ ಸಾಮಾನ್ಯವಾಗಿ ನಿರ್ವಹಣೆಯದು. ಮೊದಲ ದಿನದ ಸೆಟಪ್‌ಗೆಂದು ಅದಕ್ಕೆ ಎಲಾಸ್ಟಿಕ್ ಐಪಿ (ಪಬ್ಲಿಕ್ ವಿಳಾಸ) ಕೊಟ್ಟು, ಸೆಕ್ಯೂರಿಟಿ ಗ್ರೂಪ್‌ನಲ್ಲಿ 0.0.0.0/0, ಎಂದರೆ ಯಾರು ಬೇಕಾದರೂ ಬರಬಹುದು ಎಂದು ಬಿಟ್ಟು, ಆಮೇಲೆ ಮರೆತುಬಿಡುತ್ತಾರೆ.

ಪರೀಕ್ಷೆ ಸರಳ. ಆಫೀಸಿನ ವೈಫೈ ಬಿಟ್ಟು ಮೊಬೈಲ್ ಡೇಟಾದ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಸೇರಿಸಿ, ನಿಮ್ಮದೇ ಫೈರ್‌ವಾಲ್‌ನ ಪ್ರತಿ ಪಬ್ಲಿಕ್ ವಿಳಾಸಕ್ಕೆ 443 ಮತ್ತು 4443ರಲ್ಲಿ ಹೋಗಿ. ಯೂಸರ್ ನೇಮ್, ಪಾಸ್‌ವರ್ಡ್ ಕೇಳುವ ಪುಟ ಬಂದರೆ ಅದು ಪೋರ್ಟಲ್‌ನದೋ ಅಡ್ಮಿನ್‌ದೋ ಎಂದು ಗಮನವಿಟ್ಟು ನೋಡಿ. ನಂತರ ಇದೇ ಪರೀಕ್ಷೆಯನ್ನು ಒಳಗಿನಿಂದ ಮೂರು ಕಡೆ ಮಾಡಿ: ಸಾಮಾನ್ಯ ನೌಕರರ ವಿಲ್ಯಾನ್ (ಅವರ ಪ್ರತ್ಯೇಕ ಒಳಜಾಲ), ಅತಿಥಿಗಳ ವೈಫೈ, ವಿಪಿಎನ್ ಮೂಲಕ ಬಂದವರಿಗೆ ಸಿಗುವ ಐಪಿ ಪೂಲ್. ಇಂಟರ್ನೆಟ್‌ಗೆ ಮುಚ್ಚಿ ಅತಿಥಿ ವೈಫೈಗೆ ತೆರೆದಿಟ್ಟ ಫೈರ್‌ವಾಲ್‌ಗಳು ಕಡಿಮೆಯೇನಿಲ್ಲ.

ಪಾಲೊ ಆಲ್ಟೊದ ಗ್ರಾಹಕ ಸಹಾಯ ಪೋರ್ಟಲ್‌ನಲ್ಲೂ ಒಂದು ಪಟ್ಟಿ ಇದೆ. ಪ್ರಾಡಕ್ಟ್ಸ್ > ಅಸೆಟ್ಸ್ > ಆಲ್ ಅಸೆಟ್ಸ್ ಕೆಳಗೆ 'ರೆಮಿಡಿಯೇಶನ್ ರಿಕ್ವೈರ್ಡ್' ನೋಡಿ. ಕಂಪನಿಯ ಸ್ಕ್ಯಾನ್‌ಗೆ ಇಂಟರ್ನೆಟ್‌ನಲ್ಲಿ ಸಿಕ್ಕ ನಿಮ್ಮ ಸಾಧನಗಳಿಗೆ 'ಪ್ಯಾನ್-ಎಸ್‌ಎ-2024-0015' ಎಂಬ ಗುರುತೂ ಕೊನೆಯ ಬಾರಿ ಕಂಡ ಸಮಯವೂ ಇರುತ್ತವೆ. ಆ ಸಮಯ ಯುಟಿಸಿಯಲ್ಲಿರುತ್ತದೆ, ಐದೂವರೆ ಗಂಟೆ ಕೂಡಿಸಿ ಓದಿ. ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ಸುರಕ್ಷಿತ ಎಂದಲ್ಲ, ಅವರ ಸ್ಕ್ಯಾನ್‌ಗೆ ಸಿಕ್ಕಿಲ್ಲ ಎಂದಷ್ಟೇ.

ಎರಡನೆಯದು: ಬಾಗಿಲು ಮುಚ್ಚಿ, ಆದರೆ ನೀವು ಹೊರಗೆ ಉಳಿಯಬೇಡಿ

ಪ್ಯಾಚ್‌ಗೆ ರೀಬೂಟ್ ಬೇಕು, ರೀಬೂಟ್‌ಗೆ ಅನುಮತಿ ಬೇಕು. ಬಾಗಿಲು ಮುಚ್ಚಲು ಅದಾವುದೂ ಬೇಡ, ಹತ್ತು ನಿಮಿಷ ಸಾಕು. ಡಿವೈಸ್ > ಸೆಟಪ್ > ಇಂಟರ್‌ಫೇಸಸ್ > ಮ್ಯಾನೇಜ್‌ಮೆಂಟ್ ತೆರೆದು 'ಪರ್ಮಿಟೆಡ್ ಐಪಿ ಅಡ್ರೆಸಸ್' ಪಟ್ಟಿಗೆ ಅಡ್ಮಿನ್‌ಗಳು ಬರುವ ವಿಳಾಸ ಮಾತ್ರ ಸೇರಿಸಿ. ಒಳಗಿನ ಜಾಲವನ್ನೆಲ್ಲ ಒಳಗೊಳ್ಳುವಂತೆ ಇಡೀ 10.0.0.0/8 ಹಾಕಿದರೆ ಹಾಕದಂತೆಯೇ. ಅಡ್ಮಿನ್‌ಗಳೆಲ್ಲ ಹಾದು ಬರಬೇಕಾದ ಒಂದು ಜಂಪ್ ಸರ್ವರ್ ಇಟ್ಟು, ಅದಕ್ಕೆ ಎರಡು ಹಂತದ ಲಾಗಿನ್ ಕೊಟ್ಟು, ಆ ಒಂದೇ ವಿಳಾಸವನ್ನು ಬಿಡುವುದು ಒಳ್ಳೆಯದು. ಡೇಟಾ ಇಂಟರ್‌ಫೇಸ್‌ಗಳ ಪ್ರೊಫೈಲ್‌ನಲ್ಲಿ ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್, ಟೆಲ್‌ನೆಟ್, ಎಸ್‌ಎಸ್‌ಎಚ್ ಟಿಕ್‌ಗಳನ್ನು ತೆಗೆಯಿರಿ.

ಇಲ್ಲಿ ಕೈ ಸುಡುವುದು ಹೀಗೆ. ಪಟ್ಟಿಯಲ್ಲಿ ನಿಮ್ಮದೇ ವಿಳಾಸ ತಪ್ಪಿದ್ದರೆ ಕಮಿಟ್ ಆದ (ಬದಲಾವಣೆ ಜಾರಿಯಾದ) ಕ್ಷಣ ನೀವು ಹೊರಗೆ. ಜುನಿಪರ್ ಕಂಪನಿಯ ಸಾಧನಗಳಲ್ಲಿ ಇರುವಂಥ, ಖಚಿತಪಡಿಸದಿದ್ದರೆ ತಾನಾಗಿ ಹಿಂದಕ್ಕೆ ಹೋಗುವ ಕಮಿಟ್ ಪ್ಯಾನ್-ಓಎಸ್‌ನಲ್ಲಿ ಇಲ್ಲ. 'ಆಟೊಮೇಟೆಡ್ ಕಮಿಟ್ ರಿಕವರಿ' ಇದೆಯಲ್ಲ ಎನ್ನಬಹುದು. ಅದು ನೋಡುವುದು ಪನೋರಮಾ (ಹಲವು ಫೈರ್‌ವಾಲ್‌ಗಳನ್ನು ಒಂದೇ ಕಡೆಯಿಂದ ನಿರ್ವಹಿಸುವ ಸರ್ವರ್) ಜೊತೆಗಿನ ಸಂಪರ್ಕವನ್ನು, ನಿಮ್ಮ ಬ್ರೌಸರನ್ನಲ್ಲ. ಹಾಗಾಗಿ ಕಮಿಟ್‌ಗೆ ಮೊದಲು ಕನ್ಸೋಲ್ ಕೇಬಲ್ ಸಿಕ್ಕಿಸಿ, ವೇಗ 9600ಕ್ಕೆ ಇಟ್ಟು, ಲಾಗಿನ್ ಆಗಿ ಕೂತಿರಿ. ಡೇಟಾ ಸೆಂಟರ್ ಬೇರೆ ಊರಲ್ಲಿದ್ದರೆ ಅಲ್ಲಿ ಒಬ್ಬರು ಕೇಬಲ್ ಹಿಡಿದು ನಿಂತಿರಲಿ.

ಈ ಪಟ್ಟಿ ವೆಬ್ ಪುಟಕ್ಕೆ ಮಾತ್ರ ಅನ್ವಯಿಸುವುದಿಲ್ಲ. ಸಾಧನದ ಆರೋಗ್ಯ ನೋಡಲು ಬಳಸುವ ಎಸ್‌ಎನ್‌ಎಮ್‌ಪಿ ಮತ್ತು ಪಿಂಗ್‌ಗೂ ಅದೇ ಪಟ್ಟಿ. ಮಾನಿಟರಿಂಗ್ ಸರ್ವರ್‌ನ ವಿಳಾಸ ಬಿಟ್ಟರೆ ಕಮಿಟ್ ಆದ ಐದೇ ನಿಮಿಷಕ್ಕೆ 'ಫೈರ್‌ವಾಲ್ ಡೌನ್' ಎಂದು ಎಲ್ಲರ ಮೊಬೈಲ್ ಹೊಡೆದುಕೊಳ್ಳುತ್ತದೆ. ಎಚ್‌ಎ ಜೋಡಿಯಾದರೆ (ಒಂದು ಕೆಟ್ಟರೆ ಇನ್ನೊಂದು ಕೆಲಸ ಹಿಡಿಯುವ ಎರಡು ಫೈರ್‌ವಾಲ್‌ಗಳಾದರೆ) ಎದುರಿನ ಸಾಧನದ ಎಮ್‌ಜಿಟಿ ವಿಳಾಸವನ್ನೂ ಸೇರಿಸಿಬಿಡಿ.

ದಾಳಿಯ ಮಾದರಿ ಗುರುತಿಸಿ ತಡೆಯುವ ಥ್ರೆಟ್ ಪ್ರಿವೆನ್ಶನ್ ಸಿಗ್ನೇಚರ್‌ನಿಂದ ತಡೆಯಬಹುದಲ್ಲ ಎಂಬ ಪ್ರಶ್ನೆ ಬರುತ್ತದೆ. ತಡೆಯಬಹುದು. ಆದರೆ ಎಮ್‌ಜಿಟಿ ಪೋರ್ಟ್‌ನ ಟ್ರಾಫಿಕ್ ಫೈರ್‌ವಾಲ್‌ನ ತಪಾಸಣಾ ಹಾದಿಯಲ್ಲಿ ಹೋಗುವುದೇ ಇಲ್ಲ. ಅದನ್ನು ಡೇಟಾ ಪೋರ್ಟ್ ಮೂಲಕ ಹಾಯಿಸಿ, ಒಳಬರುವ ಎಸ್‌ಎಸ್‌ಎಲ್ (ಗೂಢಲಿಪೀಕರಿಸಿದ) ಟ್ರಾಫಿಕ್ ಬಿಡಿಸಿ, ಆಮೇಲೆ ಸಿಗ್ನೇಚರ್ ಹಚ್ಚಬೇಕು. ಅಷ್ಟು ಹೊತ್ತಿನಲ್ಲಿ ಪ್ಯಾಚ್ ಹಾಕಿ ಮುಗಿಸಬಹುದು.

ಮೂರನೆಯದು: ಸಾಕ್ಷ್ಯ ತೆಗೆದಿಡಿ

ಗಡಿಬಿಡಿಯಲ್ಲಿ ಎಲ್ಲರೂ ಬಿಡುವ ಹಂತ ಇದು. ಪ್ಯಾಚ್ ಹಾಕಿ ರೀಬೂಟ್ ಮಾಡಿ, ವಾರದ ಮೇಲೆ "ಯಾರಾದರೂ ಬಂದಿದ್ದರಾ?" ಎಂದು ಮ್ಯಾನೇಜ್‌ಮೆಂಟ್ ಕೇಳಿದಾಗ ತೋರಿಸಲು ಏನೂ ಉಳಿದಿರುವುದಿಲ್ಲ, ವೆಬ್ ಸರ್ವರ್‌ನ ಲಾಗ್‌ಗಳು ಹೊಸದು ಬಂದಂತೆ ಹಳೆಯದನ್ನು ತಳ್ಳುತ್ತಾ ಹೋಗುತ್ತವೆ.

ಡಿವೈಸ್ > ಸಪೋರ್ಟ್‌ನಲ್ಲಿ 'ಜನರೇಟ್ ಟೆಕ್ ಸಪೋರ್ಟ್ ಫೈಲ್' ಒತ್ತಿ. ಕೆಲವು ನಿಮಿಷ ಬೇಕು, ಫೈಲ್ ದೊಡ್ಡದೇ ಬರುತ್ತದೆ. ಎಚ್‌ಎ ಇದ್ದರೆ ಎರಡೂ ಸಾಧನಗಳಲ್ಲಿ ತೆಗೆಯಿರಿ, ಏಕೆಂದರೆ ಎರಡಕ್ಕೂ ಬೇರೆ ಬೇರೆ ಎಮ್‌ಜಿಟಿ ವಿಳಾಸ, ದಾಳಿ ಯಾವುದರ ಮೇಲೂ ಆಗಿರಬಹುದು. ನಂತರ ಡಿವೈಸ್ > ಸೆಟಪ್ > ಆಪರೇಶನ್ಸ್‌ನಿಂದ ಚಾಲ್ತಿಯಲ್ಲಿರುವ ಕಾನ್ಫಿಗರೇಶನ್ ಎಕ್ಸ್‌ಪೋರ್ಟ್ ಮಾಡಿ. ಪನೋರಮಾ ಅಡಿಯಲ್ಲಿರುವ ಸಾಧನವಾದರೆ 'ಡಿವೈಸ್ ಸ್ಟೇಟ್' ಕೂಡ. ಈ ಫೈಲ್‌ಗಳಲ್ಲೇ ಗುಟ್ಟುಗಳಿವೆ, ವಾಟ್ಸಾಪ್ ಗುಂಪಿನಲ್ಲಿ ಹಂಚಬೇಡಿ.

ಟೆಕ್ ಸಪೋರ್ಟ್ ಫೈಲ್ ಬಿಚ್ಚಿದರೆ ವೆಬ್ ಸರ್ವರ್‌ನ ಲಾಗ್‌ಗಳು ಸಿಗುತ್ತವೆ. ಅವುಗಳಲ್ಲಿ ಹುಡುಕಬೇಕಾದ್ದು: 'ಅನ್‌ಆತ್' ಫೋಲ್ಡರ್‌ಗೆ ಬಂದ ಕರೆಗಳಲ್ಲಿ ಶೇಕಡಾ ಚಿಹ್ನೆಯ ಜೊತೆಗೆ 25 ಎಂಬ ಅಂಕಿ ಇರುವ ಸಾಲುಗಳು. ಅದು ಎರಡು ಸಲ ಎನ್‌ಕೋಡ್ ಮಾಡಿದ ಗುರುತು. ಯಾವ ಬ್ರೌಸರೂ ಸುಮ್ಮಸುಮ್ಮನೆ ಹಾಗೆ ಕಳಿಸುವುದಿಲ್ಲ. ಅದೇ ಸಾಲಿನಲ್ಲಿ ಪಿಎಚ್‌ಪಿ ಸ್ಕ್ರಿಪ್ಟ್‌ನ ಹೆಸರೂ, ಉತ್ತರವಾಗಿ 200 ಸಂಖ್ಯೆಯೂ ಇದ್ದರೆ ಕರೆ ಒಳಗೆ ತಲುಪಿದೆ ಎಂದುಕೊಳ್ಳಿ. 403 ಅಥವಾ 404 ಇದ್ದರೆ ಬಾಗಿಲು ತಟ್ಟಿ ಹೋಗಿದ್ದಾರೆ. ಕರೆ ಬಂದ ಐಪಿಗಳನ್ನು ನಿಮ್ಮ ಅಡ್ಮಿನ್‌ಗಳ ವಿಳಾಸಗಳ ಜೊತೆ ಹೋಲಿಸಿ. ದೋಷ ಪ್ರಕಟವಾದ ಮರುದಿನ, ಫೆಬ್ರವರಿ 13ರಿಂದಲೇ 0108ರ ಯತ್ನಗಳನ್ನು ಇಂಟರ್ನೆಟ್‌ನ ದಾಳಿಗಳ ಮೇಲೆ ಕಣ್ಣಿಡುವ ಗ್ರೇನಾಯ್ಸ್ ಸಂಸ್ಥೆ ಕಂಡಿತ್ತು, ಆದ್ದರಿಂದ ಹುಡುಕಾಟ ಆ ದಿನಾಂಕಕ್ಕಿಂತ ಹಿಂದಿನಿಂದಲೇ ಶುರುವಾಗಲಿ.

ಮಾನಿಟರ್ > ಲಾಗ್ಸ್ > ಕಾನ್ಫಿಗರೇಶನ್ ಮತ್ತು ಸಿಸ್ಟಮ್ ಲಾಗ್‌ಗಳಲ್ಲಿ ನೋಡಬೇಕಾದ್ದು ಬೇರೆ: ಗುರುತಿಲ್ಲದ ಅಡ್ಮಿನ್ ಅಕೌಂಟ್, ನಡುರಾತ್ರಿಯ ಕಮಿಟ್, ಯಾರೂ ಕೇಳದ ಕಾನ್ಫಿಗರೇಶನ್ ಎಕ್ಸ್‌ಪೋರ್ಟ್, ಗ್ಲೋಬಲ್‌ಪ್ರೊಟೆಕ್ಟ್‌ಗೆ ಹೊಸದಾಗಿ ಸೇರಿದ ಲೋಕಲ್ ಯೂಸರ್. ಡಿವೈಸ್ > ಕಾನ್ಫಿಗ್ ಆಡಿಟ್‌ನಲ್ಲಿ ಒಂದು ತಿಂಗಳ ಹಿಂದಿನ ಆವೃತ್ತಿಯನ್ನು ಇಂದಿನದರ ಜೊತೆ ಪಕ್ಕಪಕ್ಕ ಇಟ್ಟರೆ ಬದಲಾದ ಸಾಲುಗಳು ಬಣ್ಣದಲ್ಲಿ ಎದ್ದು ಕಾಣುತ್ತವೆ.

ಒಂದು ಮಾತು: ರೂಟ್ ಸಿಕ್ಕವನು ಲಾಗ್ ಅಳಿಸಬಲ್ಲ. ಲಾಗ್ ಸ್ವಚ್ಛವಾಗಿದೆ ಎಂಬುದಕ್ಕೆ ಬೆಲೆ ಬರುವುದು ಅದರ ನಕಲು ಹೊರಗಿನ ಸಿಸ್‌ಲಾಗ್ ಸರ್ವರ್‌ನಲ್ಲೂ (ಲಾಗ್‌ಗಳನ್ನು ಕೂಡಿಡುವ ಬೇರೆ ಸರ್ವರ್‌ನಲ್ಲೂ) ಸ್ವಚ್ಛವಾಗಿದ್ದರೆ ಮಾತ್ರ.

ನಾಲ್ಕನೆಯದು: ಪ್ಯಾಚ್

ಈಗಿನ ಆವೃತ್ತಿ ತಿಳಿಯಲು ಡ್ಯಾಶ್‌ಬೋರ್ಡ್ ನೋಡಿ ಅಥವಾ ಕಮಾಂಡ್ ಲೈನ್‌ನಲ್ಲಿ 'ಶೋ ಸಿಸ್ಟಮ್ ಇನ್ಫೋ' ಕೊಡಿ. ದೋಷ ಸರಿಯಾದ ಆವೃತ್ತಿಗಳು ಇವು:

10.1 ಸಾಲಿಗೆ 10.1.14-ಎಚ್9
10.2 ಸಾಲಿಗೆ 10.2.13-ಎಚ್3
11.1 ಸಾಲಿಗೆ 11.1.6-ಎಚ್1
11.2 ಸಾಲಿಗೆ 11.2.4-ಎಚ್4

ಇವು ಕನಿಷ್ಠ ಮಿತಿಗಳು. ಇವುಗಳ ನಂತರವೂ ಬಿಡುಗಡೆಗಳು ಬಂದಿವೆ, ಬೇರೆ ದೋಷಗಳೂ ಸರಿಯಾಗಿವೆ. ಕಂಪನಿ ಈಗ ಶಿಫಾರಸು ಮಾಡುವ ಆವೃತ್ತಿಗೇ ಹೋಗಿ. 11.0 ಸಾಲಿಗೆ 2024ರ ನವೆಂಬರ್ 17ಕ್ಕೇ ಬೆಂಬಲ ಮುಗಿದಿದೆ. ಅದರಲ್ಲಿದ್ದವರಿಗೆ ಪ್ಯಾಚ್ ಇಲ್ಲ, ಮೇಲಿನ ಸಾಲಿಗೆ ಏರುವುದೊಂದೇ ದಾರಿ. ಪಿಎ-220 ಪೆಟ್ಟಿಗೆ 10.2ಕ್ಕಿಂತ ಮೇಲೆ ಹೋಗುವುದಿಲ್ಲ, ಅದಕ್ಕೆ 10.2ರ ಸಾಲಿನಲ್ಲೇ ಆರಿಸಿ. ಕಂಪನಿಯ ಕ್ಲೌಡ್ ಸೇವೆಗಳಾದ ಕ್ಲೌಡ್ ಎನ್‌ಜಿಎಫ್‌ಡಬ್ಲ್ಯೂ ಮತ್ತು ಪ್ರಿಸ್ಮಾ ಆ್ಯಕ್ಸೆಸ್ ಈ ದೋಷಕ್ಕೆ ಒಳಗಾಗಿಲ್ಲ.

ಸಂಖ್ಯೆ ಓದುವಾಗ ತಪ್ಪುವುದು ಇಲ್ಲಿ. 'ಎಚ್' ಎಂದರೆ ಹಾಟ್‌ಫಿಕ್ಸ್, ಮೂಲ ಆವೃತ್ತಿಯ ಮೇಲೆ ಬರುವ ತುರ್ತು ತಿದ್ದುಪಡಿ. ಅದರ ಮುಂದಿನ ಅಂಕಿಯನ್ನು ಒಂದೇ ಮೂಲ ಆವೃತ್ತಿಯೊಳಗೆ ಮಾತ್ರ ಹೋಲಿಸಬಹುದು. ಬರೀ 11.1.6ರಲ್ಲಿ ದೋಷವಿದೆ, 11.1.6-ಎಚ್1ರಲ್ಲಿ ಇಲ್ಲ. 2024ರ ನವೆಂಬರ್‌ನಲ್ಲಿ 9474ರ ಪ್ಯಾಚ್ ಬಂದಾಗಿನ ದೊಡ್ಡ ಗದ್ದಲದಲ್ಲಿ 11.1.5-ಎಚ್1 ಹಾಕಿ "ನಾವು ಆಗಲೇ ಮುಗಿಸಿದೆವು" ಎನ್ನುವವರಿದ್ದಾರೆ. ಅವರು ಮುಚ್ಚಿದ್ದು 9474ರ ಬಾಗಿಲು. 0108 ಮತ್ತು 0111 ತೆರೆದೇ ಇದ್ದವು.

ಹಾಕುವ ವಿಧಾನ ಗೊತ್ತಿರುವುದೇ: ಡಿವೈಸ್ > ಸಾಫ್ಟ್‌ವೇರ್ > ಚೆಕ್ ನೌ, ಡೌನ್‌ಲೋಡ್, ಇನ್‌ಸ್ಟಾಲ್, ರೀಬೂಟ್. ತೊಡರುವ ಜಾಗಗಳು ಮಾತ್ರ ಹೇಳುತ್ತೇವೆ. 10.2ರಿಂದ 11.1ಕ್ಕೆ ಹೋಗುವಾಗ 11.1.0 ಎಂಬ ಬೇಸ್ ಇಮೇಜ್ ಮೊದಲು ಡೌನ್‌ಲೋಡ್ ಆಗಿರಬೇಕು, ಇನ್‌ಸ್ಟಾಲ್ ಬೇಡ. ಇಲ್ಲದಿದ್ದರೆ ಹಾಟ್‌ಫಿಕ್ಸ್ ಇನ್‌ಸ್ಟಾಲ್ ಆಗುವುದಿಲ್ಲ. 'ಜಾಗ ಸಾಲದು' ಎಂದರೆ ಅದೇ ಪುಟದಲ್ಲಿ ಹಳೆಯ ಇಮೇಜ್‌ಗಳ ಪಕ್ಕದ ಗುಣಿಸು ಗುರುತು ಒತ್ತಿ ಅಳಿಸಿ. ಕಂಟೆಂಟ್ ಅಪ್‌ಡೇಟ್ ಹಳೆಯದಾಗಿದ್ದರೆ ಇನ್‌ಸ್ಟಾಲ್ ನಿರಾಕರಿಸುತ್ತದೆ, ಮೊದಲು ಅದನ್ನು ಹೊಸದಾಗಿಸಿ. ಪನೋರಮಾದ ಆವೃತ್ತಿ ಅದರಡಿಯ ಫೈರ್‌ವಾಲ್‌ಗಳಿಗಿಂತ ಹಿಂದೆ ಇರಬಾರದು, ಆದ್ದರಿಂದ ಪನೋರಮಾ ಮೊದಲು.

ಎಚ್‌ಎ ಜೋಡಿಯಲ್ಲಿ ಪ್ರೀಎಂಪ್ಶನ್ (ಮೊದಲಿನ ಸಾಧನ ತಾನಾಗಿ ಕೆಲಸ ವಾಪಸ್ ಪಡೆಯುವ ವ್ಯವಸ್ಥೆ) ಆಫ್ ಮಾಡಿ ಕಮಿಟ್ ಮಾಡಿ. ಕಾದು ಕೂತಿರುವ ಪ್ಯಾಸಿವ್ ಸಾಧನಕ್ಕೆ ಮೊದಲು ಹಾಕಿ, ರೀಬೂಟ್ ಮಾಡಿ. ರೀಬೂಟ್ ಆಗಿ ಲಾಗಿನ್ ಪುಟ ಬಂದ ಮಾತ್ರಕ್ಕೆ ಸಾಧನ ಸಿದ್ಧವಾಗಿಲ್ಲ: ಆಟೊಕಮಿಟ್ ಎಂಬ ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತಿರುತ್ತದೆ. 'ಶೋ ಜಾಬ್ಸ್ ಆಲ್' ಕೊಟ್ಟು ಅದು ಮುಗಿದು 'ಓಕೆ' ಬರುವವರೆಗೆ ಕಾಯಿರಿ. ಚಿಕ್ಕ ಪೆಟ್ಟಿಗೆಗಳಲ್ಲಿ ಇದು ತಾಳ್ಮೆ ಪರೀಕ್ಷಿಸುತ್ತದೆ. ಕಾಯದೆ ಸ್ವಿಚ್ ಆರಿಸಿ ಹಾಕಿದರೆ ಕೆಡುವ ಸಾಧ್ಯತೆಯೇ ಹೆಚ್ಚು. 'ಶೋ ಹೈ-ಅವೈಲಬಿಲಿಟಿ ಸ್ಟೇಟ್' ಕೊಟ್ಟು ಜೋಡಿ ಒಂದನ್ನೊಂದು ಗುರುತಿಸಿದ್ದನ್ನು ನೋಡಿಕೊಂಡು, ಆಕ್ಟಿವ್ ಸಾಧನವನ್ನು ಡಿವೈಸ್ > ಹೈ ಅವೈಲಬಿಲಿಟಿ > ಆಪರೇಶನಲ್ ಕಮಾಂಡ್ಸ್‌ನಿಂದ ಸಸ್ಪೆಂಡ್ ಮಾಡಿ. ಟ್ರಾಫಿಕ್ ಹೊಸದಕ್ಕೆ ಹೊರಳಿದ ಮೇಲೆ ಅದಕ್ಕೂ ಹಾಕಿ. ಒಂದಕ್ಕೆ ಹಾಕಿ ಇನ್ನೊಂದನ್ನು "ನಾಳೆ" ಎಂದು ಬಿಟ್ಟರೆ ಆ ಒಂದರ ಎಮ್‌ಜಿಟಿ ವಿಳಾಸ ಹಾಗೆಯೇ ತೆರೆದಿರುತ್ತದೆ.

ಐದನೆಯದು: ಗುಟ್ಟುಗಳನ್ನೆಲ್ಲ ಬದಲಿಸುವುದು

ಮೂರನೆಯ ಹಂತದಲ್ಲಿ ಸಣ್ಣ ಸುಳಿವು ಸಿಕ್ಕಿದ್ದರೂ, ಅಥವಾ ನಿರ್ವಹಣಾ ಪುಟ ಇಂಟರ್ನೆಟ್‌ಗೆ ತೆರೆದಿದ್ದು ನಂಬಲರ್ಹ ಲಾಗ್ ಇಲ್ಲದಿದ್ದರೂ, ಕಾನ್ಫಿಗರೇಶನ್ ಪರರ ಕೈಯಲ್ಲಿದೆ ಎಂದೇ ಹಿಡಿಯಿರಿ. ಪುಟ ಎಂದೂ ಹೊರಗೆ ಕಾಣದಿದ್ದರೆ ಈ ಹಂತವನ್ನು ನಿಧಾನವಾಗಿ ಮಾಡಬಹುದು.

ಕಾನ್ಫಿಗರೇಶನ್ ಫೈಲ್‌ನಲ್ಲಿ ಗುಟ್ಟುಗಳು ಎರಡು ಬಗೆ. ಅಡ್ಮಿನ್‌ಗಳ ಪಾಸ್‌ವರ್ಡ್ ಹ್ಯಾಶ್ ಆಗಿದೆ (ಹಿಂದಕ್ಕೆ ಬಿಡಿಸಲಾಗದ ರೂಪದಲ್ಲಿದೆ), ಅದನ್ನು ಊಹೆ ಮಾಡಿ ಮುರಿಯಬೇಕು. ಡೈರೆಕ್ಟರಿಯಲ್ಲಿ ಯೂಸರ್‌ಗಳನ್ನು ಹುಡುಕಲು ಬೇಕಾದ ಎಲ್‌ಡ್ಯಾಪ್ ಪಾಸ್‌ವರ್ಡ್, ಲಾಗಿನ್ ಪರಿಶೀಲಿಸುವ ಸರ್ವರ್‌ನ ರೇಡಿಯಸ್ ಸೀಕ್ರೆಟ್, ವಿಪಿಎನ್‌ನ ಎರಡೂ ತುದಿಗೆ ಗೊತ್ತಿರುವ ಪ್ರೀ-ಶೇರ್ಡ್ ಕೀ, ಸರ್ಟಿಫಿಕೇಟ್‌ಗಳ ಪ್ರೈವೇಟ್ ಕೀ ಹಾಗಲ್ಲ. ಫೈರ್‌ವಾಲ್‌ಗೆ ಅವು ಮೂಲರೂಪದಲ್ಲೇ ಬೇಕು, ಆದ್ದರಿಂದ ಮಾಸ್ಟರ್ ಕೀಯಿಂದ ಎನ್‌ಕ್ರಿಪ್ಟ್ ಮಾಡಿ ಇಟ್ಟಿರುತ್ತದೆ. ನೀವಾಗಿ ಬದಲಿಸದಿದ್ದರೆ ಆ ಮಾಸ್ಟರ್ ಕೀ ಎಲ್ಲ ಸಾಧನಗಳಲ್ಲೂ ಒಂದೇ, ಎಲ್ಲರಿಗೂ ಗೊತ್ತಿರುವಂಥದು. ಬೀಗ ಇದೆ, ಕೀಲಿ ಊರಿನವರೆಲ್ಲರ ಕೈಯಲ್ಲಿ.

ಆದ್ದರಿಂದ ಮಾಸ್ಟರ್ ಕೀ ಮೊದಲು. ಡಿವೈಸ್ > ಮಾಸ್ಟರ್ ಕೀ ಆ್ಯಂಡ್ ಡಯಾಗ್ನಾಸ್ಟಿಕ್ಸ್. ಸರಿಯಾಗಿ 16 ಅಕ್ಷರ ಇರಬೇಕು. ಬಾಕಿ ಉಳಿದ ಬದಲಾವಣೆಗಳನ್ನೆಲ್ಲ ಮೊದಲೇ ಕಮಿಟ್ ಮಾಡಿರಬೇಕು. ಎಚ್‌ಎ ಇದ್ದರೆ ಕಾನ್ಫಿಗ್ ಸಿಂಕ್ ಆಫ್ ಮಾಡಿ, ಎರಡೂ ಕಡೆ ಒಂದೇ ಕೀ ಹಾಕಿ, ಆಮೇಲೆ ಸಿಂಕ್ ಆನ್ ಮಾಡಿ. ಕೀ ಬೇರೆಯಾದರೆ ಜೋಡಿ ಕೆಡುತ್ತದೆ. ಈ ಕೀಗೆ ಆಯುಷ್ಯ ಕೊಡಲೇಬೇಕು, ಮುಗಿಯುವ ಮುನ್ನ ನೆನಪಿಸುವ ಅವಧಿಯನ್ನೂ. ಆಯುಷ್ಯ ಮುಗಿದರೆ ಸಾಧನ ತಾನಾಗಿ ಮೆಂಟೆನೆನ್ಸ್ ಮೋಡ್‌ಗೆ ರೀಬೂಟ್ ಆಗಿ ಕೂರುತ್ತದೆ, ಅಲ್ಲಿಂದ ಹೊರಬರಲು ಫ್ಯಾಕ್ಟರಿ ರೀಸೆಟ್ ಬೇಕು. ಮರೆತ ಕೀಯನ್ನು ಹಿಂದೆ ಪಡೆಯುವ ದಾರಿಯೂ ಇಲ್ಲ. ಇದಕ್ಕೆ ಹೆದರಿಯೇ ಬಹಳ ಜನ ಮಾಸ್ಟರ್ ಕೀ ಮುಟ್ಟುವುದಿಲ್ಲ. ಹೆದರಿಕೆ ಸರಿ, ಮುಟ್ಟದಿರುವುದು ಸರಿಯಲ್ಲ.

ನಂತರ ಲೋಕಲ್ ಅಡ್ಮಿನ್‌ಗಳ ಪಾಸ್‌ವರ್ಡ್. ಸಂಸ್ಥೆ ಬಿಟ್ಟವರ, ಸೆಟಪ್ ಮಾಡಿಕೊಟ್ಟ ಏಜೆನ್ಸಿಯವರ ಅಕೌಂಟ್‌ಗಳನ್ನು ತೆಗೆದೇ ಬಿಡಿ. ಇದರ ಜೊತೆಗೇ ಎಪಿಐ ಕೀ (ಸ್ಕ್ರಿಪ್ಟ್‌ಗಳು ಪಾಸ್‌ವರ್ಡ್ ಬದಲು ಬಳಸುವ ಕೀ): ಡಿವೈಸ್ > ಸೆಟಪ್ > ಮ್ಯಾನೇಜ್‌ಮೆಂಟ್ > ಅಥೆಂಟಿಕೇಶನ್ ಸೆಟಿಂಗ್ಸ್‌ನಲ್ಲಿ 'ಎಕ್ಸ್‌ಪೈರ್ ಆಲ್ ಎಪಿಐ ಕೀಸ್' ಒತ್ತಿ. ಅಲ್ಲೇ ಮೇಲೆ ಕೀಯ ಆಯುಷ್ಯ 0 ಎಂದಿರುತ್ತದೆ, ಎಂದರೆ ಎಂದೂ ಮುಗಿಯದು. ಅದಕ್ಕೊಂದು ಅವಧಿ ಕೊಡಿ. ಆಟೊಮೇಶನ್ ಸ್ಕ್ರಿಪ್ಟ್‌ಗಳು ಆ ಕ್ಷಣ ನಿಲ್ಲುತ್ತವೆ; ಯಾವ ಸ್ಕ್ರಿಪ್ಟ್ ಎಲ್ಲಿ ಓಡುತ್ತಿತ್ತು ಎಂಬುದು ಅಂದೇ ಗೊತ್ತಾಗುವುದೂ ಉಂಟು.

ಫೈರ್‌ವಾಲ್ ಡೈರೆಕ್ಟರಿಗೆ ಹೋಗಲು ಬಳಸುವ ಎಲ್‌ಡ್ಯಾಪ್ ಬೈಂಡ್ ಅಕೌಂಟ್ ಮತ್ತು ಯೂಸರ್-ಐಡಿ ಅಕೌಂಟ್‌ಗಳಲ್ಲಿ ಪಾಸ್‌ವರ್ಡ್‌ಗಿಂತ ಅಧಿಕಾರವನ್ನು ಮೊದಲು ನೋಡಿ. 'ಕೆಲಸ ಆಗ್ತಿಲ್ಲ' ಎಂದು ಯಾವತ್ತೋ ಡೊಮೈನ್ ಅಡ್ಮಿನ್ಸ್ ಗುಂಪಿಗೆ ಸೇರಿಸಿ ಬಿಟ್ಟಿದ್ದರೆ, ಒಂದು ಫೈಲ್ ಓದಿದವನಿಗೆ ಇಡೀ ಸಂಸ್ಥೆ ಸಿಕ್ಕಂತೆ. ಹೆಸರು ಹುಡುಕುವ ಬೈಂಡ್ ಅಕೌಂಟ್‌ಗೆ ಸಾಮಾನ್ಯ ಯೂಸರ್‌ನ ಅಧಿಕಾರ ಸಾಕು. ಲಾಗಿನ್ ದಾಖಲೆ ಓದುವ ಯೂಸರ್-ಐಡಿ ಅಕೌಂಟ್‌ಗೆ ಈವೆಂಟ್ ಲಾಗ್ ರೀಡರ್ಸ್ ಗುಂಪು, ವಿಂಡೋಸ್‌ನ ದೂರನಿರ್ವಹಣಾ ವಿಧಾನ ವಿನ್‌ಆರ್‌ಎಮ್ ಬಳಸಿದರೆ ರಿಮೋಟ್ ಮ್ಯಾನೇಜ್‌ಮೆಂಟ್ ಯೂಸರ್ಸ್ ಗುಂಪು. ಪಾಸ್‌ವರ್ಡನ್ನು ಡೈರೆಕ್ಟರಿಯಲ್ಲಿ ಬದಲಿಸಿ ಫೈರ್‌ವಾಲ್‌ನಲ್ಲಿ ತಡಮಾಡಿದರೆ, ಫೈರ್‌ವಾಲ್ ಹಳೆಯ ಪಾಸ್‌ವರ್ಡ್‌ನಲ್ಲೇ ತಟ್ಟುತ್ತಾ ಹೋಗಿ ಅಕೌಂಟ್ ಲಾಕ್ ಆಗುತ್ತದೆ, ವಿಪಿಎನ್ ಲಾಗಿನ್‌ಗಳೆಲ್ಲ ನಿಲ್ಲುತ್ತವೆ. ಹೊಸ ಅಕೌಂಟ್ ಸೃಷ್ಟಿಸಿ, ಫೈರ್‌ವಾಲನ್ನು ಅದಕ್ಕೆ ಬದಲಿಸಿ, ಆಮೇಲೆ ಹಳೆಯದನ್ನು ನಿಷ್ಕ್ರಿಯಗೊಳಿಸುವುದು ಸುಗಮ.

ಸೈಟ್-ಟು-ಸೈಟ್ ವಿಪಿಎನ್‌ಗಳ ಪ್ರೀ-ಶೇರ್ಡ್ ಕೀ ಎರಡೂ ತುದಿಗಳಲ್ಲಿ ಒಟ್ಟಿಗೆ ಬದಲಾಗಬೇಕು, ಆ ನಡುವೆ ಟನಲ್ ಬೀಳುತ್ತದೆ. ಎದುರು ತುದಿ ಬೇರೆ ಸಂಸ್ಥೆಯದಾದರೆ ದಿನ, ಗಂಟೆ ಗೊತ್ತುಮಾಡಿ, ಕೀಯನ್ನು ಮೇಲ್‌ನಲ್ಲಿ ಕಳಿಸದೆ ಫೋನಿನಲ್ಲಿ ಓದಿ ಹೇಳಿ. ಕೀ ಬದಲಿಸಿದ ಮೇಲೂ ಹಳೆಯ ಟನಲ್ ಸ್ವಲ್ಪ ಹೊತ್ತು ಬದುಕಿರಬಹುದು. ಎರಡೂ ಕಡೆ ಟನಲ್ ಅಳಿಸಿ ಹೊಸದಾಗಿ ಎಬ್ಬಿಸಿ ನೋಡಿದರೆ ಮಾತ್ರ ಹೊಸ ಕೀ ಹೊಂದಿದೆಯೇ ಎಂದು ಗೊತ್ತಾಗುತ್ತದೆ. ಎಸ್‌ಎನ್‌ಎಮ್‌ಪಿ ಕಮ್ಯುನಿಟಿ ಹೆಸರು, ರೇಡಿಯಸ್ ಸೀಕ್ರೆಟ್ ಕೂಡ ಇದೇ ಸಾಲಿನಲ್ಲಿ.

ಸರ್ಟಿಫಿಕೇಟ್‌ಗಳಲ್ಲಿ ಅವಧಿ ವಿಸ್ತರಿಸುವುದು ಪರಿಹಾರವಲ್ಲ. ಕದ್ದದ್ದು ಪ್ರೈವೇಟ್ ಕೀ; ಅದೇ ಕೀಗೆ ಹೊಸ ದಿನಾಂಕ ಹಾಕಿದರೆ ಕಳ್ಳನಿಗೂ ಹೊಸ ದಿನಾಂಕ ಸಿಕ್ಕಿತು. ಹೊಸ ಕೀ ಹುಟ್ಟಿಸಿ, ಹೊಸ ಅರ್ಜಿ ತಯಾರಿಸಿ, ಹಳೆಯದನ್ನು ರದ್ದು ಮಾಡಿಸಿ. ಎಲ್ಲಕ್ಕಿಂತ ತೂಕದ್ದು ಫಾರ್ವರ್ಡ್ ಟ್ರಸ್ಟ್ ಸರ್ಟಿಫಿಕೇಟ್, ಎಸ್‌ಎಸ್‌ಎಲ್ ಬಿಡಿಸಿ ನೋಡಲು ಫೈರ್‌ವಾಲ್ ಬಳಸುವ ಸಹಿ ಅಧಿಕಾರ. ಆಫೀಸಿನ ಪ್ರತಿ ಕಂಪ್ಯೂಟರೂ ಅದನ್ನು ನಂಬುತ್ತದೆ. ಅದರ ಪ್ರೈವೇಟ್ ಕೀ ಇದ್ದವನು ಬ್ಯಾಂಕ್, ಮೇಲ್, ಯಾವ ಸೈಟ್ ಹೆಸರಿನಲ್ಲಿ ಬೇಕಾದರೂ ಸರ್ಟಿಫಿಕೇಟ್ ಮಾಡಬಹುದು, ನಿಮ್ಮ ನೌಕರರ ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸದು. ಬದಲಿಸುವ ಕ್ರಮ: ಹೊಸದನ್ನು ಹುಟ್ಟಿಸಿ ಗ್ರೂಪ್ ಪಾಲಿಸಿ ಮೂಲಕ ಎಲ್ಲ ಕಂಪ್ಯೂಟರ್‌ಗಳಿಗೆ ಹಂಚಿ, ತಲುಪಿದ್ದು ಖಚಿತವಾದ ಮೇಲೆ ಫೈರ್‌ವಾಲ್‌ನಲ್ಲಿ ಫಾರ್ವರ್ಡ್ ಟ್ರಸ್ಟ್ ಟಿಕ್ ಅದಕ್ಕೆ ಬದಲಿಸಿ, ಕೊನೆಗೆ ಹಳೆಯದನ್ನು ಕಂಪ್ಯೂಟರ್‌ಗಳ ನಂಬಿಕೆಯ ಪಟ್ಟಿಯಿಂದ ಕಿತ್ತುಹಾಕಿ. ಕೊನೆಯ ಹೆಜ್ಜೆ ಬಿಟ್ಟರೆ ಮೊದಲಿನ ಎರಡೂ ವ್ಯರ್ಥ. ಫೈರ್‌ಫಾಕ್ಸ್ ತನ್ನದೇ ಪಟ್ಟಿ ಇಟ್ಟುಕೊಳ್ಳಬಹುದು, ಅದನ್ನು ಬೇರೆಯಾಗಿ ನೋಡಿ.

ದಾಳಿ ನಡೆದದ್ದು ಖಚಿತವಾದರೆ

ಪ್ಯಾಚ್ ಹಾಕಿ ಮುಂದುವರಿಯಬೇಡಿ. ಕಂಪನಿಯ ಬೆಂಬಲ ತಂಡಕ್ಕೆ ಟೆಕ್ ಸಪೋರ್ಟ್ ಫೈಲ್ ಸಮೇತ ಕೇಸ್ ತೆರೆಯಿರಿ. ರೂಟ್ ಸಿಕ್ಕ ಸಾಧನದ ಮೇಲಿನ ನಂಬಿಕೆ ಹೋಯಿತು. ಫ್ಯಾಕ್ಟರಿ ರೀಸೆಟ್ ಮಾಡಿ, ಒಳ್ಳೆಯ ಆವೃತ್ತಿ ಹಾಕಿ, ದಾಳಿಗೆ ಮುಂಚಿನ ಕಾನ್ಫಿಗರೇಶನ್ ಸಾಲುಸಾಲು ಓದಿಯೇ ಏರಿಸಿ.

ಭಾರತದಲ್ಲಿರುವ ಸಂಸ್ಥೆಯಾದರೆ ಗಡಿಯಾರವೂ ಓಡುತ್ತಿರುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ಆದೇಶದಂತೆ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಪೂರ್ಣ ವಿವರ ಕೈಯಲ್ಲಿ ಇಲ್ಲದಿದ್ದರೂ ಇದ್ದಷ್ಟನ್ನು ತಿಳಿಸಿ ಉಳಿದದ್ದನ್ನು ಆಮೇಲೆ ಕೊಡಬಹುದು. ಬ್ಯಾಂಕ್‌ಗಳು ರಿಸರ್ವ್ ಬ್ಯಾಂಕ್‌ಗೂ 2ರಿಂದ 6 ಗಂಟೆಯೊಳಗೆ ಪ್ರತ್ಯೇಕವಾಗಿ ತಿಳಿಸಬೇಕು. ಅದೇ ಸರ್ಟ್-ಇನ್ ಆದೇಶ 180 ದಿನಗಳ ಲಾಗ್ ಇಡಬೇಕೆನ್ನುತ್ತದೆ, ಆದರೆ ಫೈರ್‌ವಾಲ್‌ನ ಡಿಸ್ಕ್ ತುಂಬಿದಾಗ ಹಳೆಯದರ ಮೇಲೆ ಹೊಸದು ಬರೆಯುತ್ತದೆ. ಸಿಸ್‌ಲಾಗ್‌ಗೆ ಕಳಿಸುವಾಗ ಒಂದು ಗುಂಡಿ ತಪ್ಪುವುದುಂಟು. ಟ್ರಾಫಿಕ್ ಲಾಗ್ ಹೋಗುವುದು ಪಾಲಿಸಿಗಳಿಗೆ ಅಂಟಿಸಿದ ಲಾಗ್ ಫಾರ್ವರ್ಡಿಂಗ್ ಪ್ರೊಫೈಲ್‌ನಿಂದ. ಸಿಸ್ಟಮ್ ಮತ್ತು ಕಾನ್ಫಿಗರೇಶನ್ ಲಾಗ್‌ಗಳಿಗೆ ಡಿವೈಸ್ > ಲಾಗ್ ಸೆಟಿಂಗ್ಸ್‌ನಲ್ಲಿ ಬೇರೆಯೇ ಸಾಲು ಹಾಕಬೇಕು. ಕೋಟಿಗಟ್ಟಲೆ ಟ್ರಾಫಿಕ್ ಸಾಲುಗಳನ್ನು ಕೂಡಿಟ್ಟು, ಯಾರು ಯಾವಾಗ ಲಾಗಿನ್ ಆದರು ಎಂಬ ಒಂದು ಸಾಲು ಇಲ್ಲದಿರುವುದು ಇದರಿಂದಲೇ.

ಎಲ್ಲ ಮುಗಿದ ಮೇಲೆ ಮೊಬೈಲ್ ಹಾಟ್‌ಸ್ಪಾಟ್ ಪರೀಕ್ಷೆಯನ್ನು ಮತ್ತೆ ಮಾಡಿ, 443 ಮತ್ತು 4443 ಎರಡೂ. ಹಳೆಯ ಎಪಿಐ ಕೀಯಿಂದ ಒಂದು ಕರೆ ಕಳಿಸಿ ನಿರಾಕರಣೆ ಬರುವುದನ್ನು ನೋಡಿ. ಹೊಸ ಮಾಸ್ಟರ್ ಕೀಯನ್ನು ಮುಚ್ಚಿದ ಲಕೋಟೆಯಲ್ಲಿ ತಿಜೋರಿಗೆ ಹಾಕಿ, ಅದರ ಆಯುಷ್ಯ ಮುಗಿಯುವ ದಿನಕ್ಕಿಂತ ಒಂದು ತಿಂಗಳ ಮುಂಚಿನ ದಿನಾಂಕವನ್ನು ಇಡೀ ತಂಡದ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಒಬ್ಬರ ಕ್ಯಾಲೆಂಡರ್‌ನಲ್ಲಿ ಮಾತ್ರ ಹಾಕಿದರೆ ಅವರು ಕೆಲಸ ಬಿಟ್ಟ ದಿನ ಅದೂ ಹೊರಟುಹೋಗುತ್ತದೆ.